‘ತೂರಾಡುವ ಕುಡುಕ-೨’ ಎಂಬ ಹೆಸರಿನ ಬಗ್ಗೆ ಒಂದು ವಿನಂತಿ

ನೊಣದಿಂದ ಮನುಷ್ಯನವರೆಗಿನ ಸಕಲ ಪ್ರಾಣಿಗಳ ಜೀನುಗಳಿಗೆ ಹೆಸರಿಡುವ ಸಮಿತಿಯ ಅಧ್ಯಕ್ಷರಿಗೂ, ಸದಸ್ಯರಿಗೂ, ಹೆಸರು ಹೊಳೆಯದಿದ್ದಾಗ ಅವರಿಗೆ ಚಹಾ ತಂದುಕೊಡುವವರಿಗೂ, ಆಸ್ಪತ್ರೆಯೊಂದರಲ್ಲಿ ವರದಿ ಬರೆಯುವವಳ ಸವಿನಯ ನಮಸ್ಕಾರಗಳು.

ಮಾನ್ಯರೇ,

ರಕ್ತ ಪರೀಕ್ಷಿಸಿ, ಹುಟ್ಟಿನಿಂದ ಬಂದ ಕಾಯಿಲೆಗಳನ್ನು ಪತ್ತೆಹಚ್ಚುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ನನ್ನದು ಒಂದೇ ಕೆಲಸ: ಯಂತ್ರ ಉಗುಳಿದ್ದನ್ನೂ ಡಾಕ್ಟರು ಗೀಚಿದ್ದನ್ನೂ ಮನೆಯವರು ಓದಿ ತಿಳಿದುಕೊಳ್ಳುವಂಥ ಮಾತಿನಲ್ಲಿ ಬರೆದು, ಮೊಹರು ಒತ್ತಿ, ಕಿಟಕಿಯಾಚೆ ಕೊಡುವುದು. ಜೀನಿನ ಪೂರ್ಣ ಹೆಸರನ್ನು ವರದಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆಯತಕ್ಕದ್ದು ಎಂಬುದು ನಮ್ಮ ನಿಯಮ. ಹೀಗಾಗಿ ತಮ್ಮ ಕಲ್ಪನಾಶಕ್ತಿಯ ಪರಿಚಯ ನನಗೆ ದಿನವೂ ಆಗುತ್ತದೆ.

ತಮ್ಮ ಆಶಯವಾದರೂ ಎಷ್ಟು ದೊಡ್ಡದು! ನೊಣದಲ್ಲಿ ಕಂಡ ಜೀನಿನಂಥದ್ದೇ ಇಲಿಯಲ್ಲಿ ಸಿಕ್ಕರೆ ಅದಕ್ಕೂ ಅದೇ ಹೆಸರು, ಕೋಳಿಯಲ್ಲಿ ಸಿಕ್ಕರೂ ಅದೇ, ಮನುಷ್ಯನಲ್ಲಿ ಸಿಕ್ಕರೂ ಅದೇ. ನನ್ನ ಸ್ವಂತ ಚಿಕ್ಕಪ್ಪನ ಮಕ್ಕಳು ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ತಾವೋ, ಕೋಟ್ಯಂತರ ವರ್ಷಗಳ ಹಿಂದೆಯೇ ಮನೆ ಪಾಲು ಮಾಡಿಕೊಂಡು ಹೋದ ನೊಣವನ್ನೂ ನನ್ನನ್ನೂ ಮತ್ತೆ ಒಂದೇ ಕುಟುಂಬ ಮಾಡಿದ್ದೀರಿ. ಯಾರ ಮರ್ಯಾದೆಗೂ ಕುಂದು ಬಾರದಿರಲೆಂದು ಇಂಗ್ಲಿಷಿನಲ್ಲಿ ಬರೆಯುವಾಗ ಮನುಷ್ಯನಿಗೆ ಎಲ್ಲ ಅಕ್ಷರಗಳೂ ದೊಡ್ಡವು, ಇಲಿಗೆ ಮೊದಲನೆಯದು ಮಾತ್ರ ದೊಡ್ಡದು, ಮೀನಿಗೆ ಎಲ್ಲವೂ ಚಿಕ್ಕವು ಎಂದು ಅಳೆದು ಹಂಚಿದ್ದೀರಿ. ಮೀನು ಇದುವರೆಗೆ ತಕರಾರು ಎತ್ತಿದ ವರ್ತಮಾನವಿಲ್ಲ. ತಕರಾರು ನನ್ನದು.

ಕಳೆದ ತಿಂಗಳು ಎಂಟು ವರ್ಷದ ಹುಡುಗಿಯೊಬ್ಬಳ ರಕ್ತ ನಮ್ಮಲ್ಲಿಗೆ ಬಂತು. ಮನೆಯಲ್ಲಿ ಅವಳನ್ನು ಪಟಾಕಿ ಎನ್ನುತ್ತಾರೆ. ತಂದೆ ದರ್ಜಿ, ತಾಯಿ ಬಸ್ ಕಂಡಕ್ಟರ್. ಹುಡುಗಿಯ ಹೆಜ್ಜೆ ಅಡ್ಡಾದಿಡ್ಡಿ. ಮೆಟ್ಟಿಲಿಳಿಯಲು ಗೋಡೆಯ ಆಸರೆ ಬೇಕು. ಕೆಟ್ಟಿದ್ದ ಜೀನ್ ಸಿಕ್ಕಿತು. ಅದಕ್ಕೆ ಹೆಸರಿಟ್ಟವರು ಬಹಳ ಹಿಂದೆ ನೊಣ ಸಾಕಿಕೊಂಡಿದ್ದ ಒಬ್ಬ ವಿಜ್ಞಾನಿ. ಆ ಜೀನ್ ಕೆಟ್ಟ ನೊಣ ಗಾಜಿನ ಕೊಳವೆಯಲ್ಲಿ ಓಲಾಡಿಕೊಂಡು ನಡೆದದ್ದನ್ನು ಕಂಡು ಅವರಿಗೆ ನಗು ಬಂದಿತ್ತಂತೆ. ಮನುಷ್ಯರಲ್ಲಿ ಅಂಥ ಜೀನುಗಳು ಎರಡಿದ್ದು, ಇದು ಎರಡನೆಯದಾದ್ದರಿಂದ ತಾವು ಕೊನೆಗೊಂದು ಅಂಕಿ ಸೇರಿಸಿ ಒಪ್ಪಿಗೆ ಕೊಟ್ಟಿರಿ. ನಾನು ನಿಯಮ ಮೀರದೆ, ಒಂದಕ್ಷರ ಬಿಡದೆ, ದಪ್ಪಗೆ ಬರೆದೆ: ‘ತೂರಾಡುವ ಕುಡುಕ-೨’. ಮೊಹರು ಒತ್ತಿದ್ದೂ ನಾನೇ. ಡಾಕ್ಟರು ರಜೆಯಲ್ಲಿದ್ದರು, ವಿವರ ಕೇಳಲು ಮುಂದಿನ ವಾರ ಬನ್ನಿ ಎಂದು ಲಕೋಟೆಯನ್ನು ತಾಯಿಯ ಕೈಗಿತ್ತೆ.

ಆರು ದಿನ ಕಳೆದ ಮೇಲೆ ದರ್ಜಿ ಒಬ್ಬರೇ ಬಂದರು. ಅಳತೆಯ ಟೇಪು ಕೊರಳಲ್ಲೇ ಇತ್ತು. ಕಿಟಕಿಯ ಕಂಡಿಗೆ ಬಾಯಿ ಹತ್ತಿರ ತಂದು, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ಕೇಳಿದರು: “ಮೇಡಂ, ನಾನು ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆಯ್ತು. ಮಗಳು ಹೊಟ್ಟೇಲಿದ್ದಾಳೆ ಅಂತ ಗೊತ್ತಾದ ದಿನಾನೇ ಬಿಟ್ಟೆ. ಆದ್ರೂ ಅವಳ ರಕ್ತಕ್ಕೆ ಹೋಗ್ಬಿಡ್ತಾ?”

ಹೆಂಡತಿ ವರದಿ ಓದಿದ ದಿನದಿಂದ ಅವರೊಂದಿಗೆ ಮಾತು ಬಿಟ್ಟಿದ್ದರು. ಮಾತಿನ ಹೊಣೆಯನ್ನು ಹೆಂಡತಿಯ ತಾಯಿ, ಅಂದರೆ ದರ್ಜಿಯ ಅತ್ತೆ, ವಹಿಸಿಕೊಂಡಿದ್ದರು. “ಎರಡನೇ ಕುಡುಕ ಅಂದ್ರೆ ನಮ್ಮ ಮಗು. ಒಂದನೇದು ಯಾರು ಅಂತ ಬೇರೆ ಹೇಳ್ಬೇಕಾ?” ಎಂದು ಅವರು ಊಟಕ್ಕೊಮ್ಮೆ ಕೇಳುತ್ತಿದ್ದರಂತೆ.

ಮಾನ್ಯರೇ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ನಾನು ಕಿಟಕಿ ಮುಚ್ಚಿ, ಹೊರಗೆ ಬಂದು, ಬೆಂಚಿನ ಮೇಲೆ ಒಬ್ಬರ ಪಕ್ಕ ಕುಳಿತೆ. “ಇದು ನಿಮ್ಮಿಂದಾದದ್ದಲ್ಲ, ಅದೊಂದು ನೊಣದ ಹೆಸರು” ಎಂದೆ. ಅವರು ನನ್ನನ್ನು ನೋಡಿದ ಬಗೆ, ಆ ಕ್ಷಣದಲ್ಲಿ ಕುಡಿದು ಬಂದವಳು ನಾನೇ ಎನ್ನುವಂತಿತ್ತು.

ಮರುದಿನ ರಜೆ ಮುಗಿಸಿ ಬಂದ ಡಾಕ್ಟರು ಮನೆಯವರೆಲ್ಲರನ್ನೂ ಕರೆಸಿದರು. ನಾನು ನಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸಂಶೋಧನೆಗೆಂದು ನೊಣ ಸಾಕುವ ಕೋಣೆಗೆ ಹೋಗಿ, ಅಲ್ಲಿನ ಸಂಶೋಧಕರನ್ನು ಕಾಡಿಬೇಡಿ, ಆ ಜೀನ್ ಕೆಟ್ಟ ನೊಣಗಳ ಕೊಳವೆಯೊಂದನ್ನು ತಂದು ಮೇಜಿನ ಮೇಲಿಟ್ಟೆ. ಒಂದು ನೊಣ ಗಾಜು ಹತ್ತುತ್ತಿತ್ತು, ಓಲುತ್ತಿತ್ತು, ಬೀಳುತ್ತಿತ್ತು, ಮತ್ತೆ ಹತ್ತುತ್ತಿತ್ತು. ಆ ಅತ್ತೆ, ಅಂದರೆ ಹುಡುಗಿಯ ಅಜ್ಜಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇದಕ್ಕೆ ಕುಡಿಸಿದ್ದು ಯಾರು?”

“ಯಾರೂ ಇಲ್ಲ ಅಜ್ಜಿ, ಅದು ಹುಟ್ಟಿದ್ದೇ ಹಾಗೆ,” ಎಂದರು ಡಾಕ್ಟರು. ಆಮೇಲೆ, ಈ ಕಾಯಿಲೆ ಬರಬೇಕಾದರೆ ಆ ಜೀನಿನ ಒಂದು ಕೆಟ್ಟ ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರಬೇಕೆಂದೂ, ಹೆಂಡಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದೂ, ಕಾಯಿಲೆ ವಾಸಿಯಾಗದಿದ್ದರೂ ವ್ಯಾಯಾಮ ಮಾಡಿಸಿ ಪಾದಕ್ಕೆ ಪಟ್ಟಿ ಕಟ್ಟಿದರೆ ಹುಡುಗಿ ಶಾಲೆಗೆ ನಡೆದೇ ಹೋಗಬಹುದೆಂದೂ ವಿವರಿಸಿದರು.

“ಅಂದ್ರೆ ಅರ್ಧ ನಂದು?” ಎಂದರು ತಾಯಿ. ಡಾಕ್ಟರು ಹೌದೆಂದು ತಲೆಯಾಡಿಸಿದರು. ಅಜ್ಜಿಗೆ ಇದ್ದಕ್ಕಿದ್ದಂತೆ ಕಿಟಕಿಯ ಹೊರಗೆ ನೋಡುವಂಥದ್ದೇನೋ ಸಿಕ್ಕಿತು. ತಾಯಿ ವರದಿಯನ್ನು ನಾಲ್ಕು ಮಡಿಕೆ ಮಾಡಿ ಗಂಡನ ಕಡೆ ಚಾಚಿದರು: “ರೀ, ಇದನ್ನ ನೀವಿಟ್ಕೊಳ್ಳಿ. ನನ್ನ ಚೀಲದಲ್ಲಿ ಜಾಗ ಇಲ್ಲ.” ಏಳು ದಿನಗಳಲ್ಲಿ ಅವರು ಗಂಡನೊಂದಿಗೆ ಆಡಿದ ಮೊದಲ ಮಾತು ಅದು. ದರ್ಜಿ ಅದನ್ನು ಜೇಬಿಗಿಟ್ಟುಕೊಂಡು ಗುಂಡಿ ಹಾಕಿಕೊಂಡರು.

ಇಷ್ಟು ಹೊತ್ತೂ ಪಟಾಕಿ ಕೊಳವೆಗೆ ಮೂಗು ತಾಗಿಸಿಕೊಂಡೇ ಇದ್ದಳು. “ಇದು ಕುಡಿದಿಲ್ಲ. ಇದಕ್ಕೆ ಅವಸರ, ಅಷ್ಟೇ,” ಎಂದಳು.

ಆದಕಾರಣ ನನ್ನ ವಿನಂತಿ ಇಷ್ಟೇ. ಈ ಜೀನಿಗೆ ನೊಣ, ಇಲಿ, ಮೀನು, ಕೋಳಿ, ಮನುಷ್ಯ ಎಂಬ ಭೇದವಿಲ್ಲದೆ ‘ಅವಸರ’ ಎಂದು ಹೆಸರು ಬದಲಿಸಬೇಕು. ಅದಕ್ಕೆ ಸಕಲ ಜೀವಿಗಳ ಒಪ್ಪಿಗೆ ಬೇಕೆಂದಾದರೆ, ಕೊಳವೆಯಲ್ಲಿರುವ ನೊಣಗಳ ಹೆಬ್ಬೆರಳಿನ ಗುರುತು ಪಡೆಯಲು ನಾನು ಸಿದ್ಧ. ಹೆಬ್ಬೆರಳು ಯಾವುದೆಂದು ತಾವು ತಿಳಿಸಿದರೆ ಸಾಕು. ಮುಂದೆ ಹೊಸ ಹೆಸರು ಹೊಳೆದಾಗಲೆಲ್ಲ ಸದಸ್ಯರೊಬ್ಬರು ತುಂಬಿದ ಬಸ್ಸಿನಲ್ಲಿ ನಿಂತು, ಮಡಿಲಲ್ಲಿ ಮಗುವಿರುವ ತಾಯಿಯ ಎದುರು ಅದನ್ನು ಗಟ್ಟಿಯಾಗಿ ಓದಬೇಕು. ಕೆಳಗಿಳಿಯುವಾಗ ಅಂಗಿ ಹರಿಯದೆ ಉಳಿದಿದ್ದರೆ ಆ ಹೆಸರನ್ನು ಅಂಗೀಕರಿಸಬಹುದು. ತಮ್ಮ ತೀರ್ಮಾನ ಬರುವವರೆಗೆ ನನ್ನ ವರದಿಗಳಲ್ಲಿ ನಾನು ‘ಅವಸರ-೨’ ಎಂದೇ ಬರೆಯುತ್ತೇನೆ. ನಿಯಮ ಮುರಿದದ್ದಕ್ಕೆ ನೋಟಿಸ್ ಕಳುಹಿಸುವುದಾದರೆ ದಯವಿಟ್ಟು ದಪ್ಪಕ್ಷರದಲ್ಲಿ ಕಳುಹಿಸಿ.

ಇಷ್ಟಾದ ಮೇಲೂ ಹೇಗೋ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಿಟಕಿಯ ವರದಿಗಾರ್ತಿ

ಮರೆತ ಮಾತು: ನಮ್ಮ ನೊಣದ ಕೋಣೆಯ ಸಂಶೋಧಕರು ಕಳೆದ ವಾರ ಹೊಸ ಜೀನೊಂದನ್ನು ಕಂಡುಹಿಡಿದಿದ್ದಾರೆ. ಅದು ಕೆಟ್ಟರೆ ನೊಣ ದಿನವಿಡೀ ಗುಂಯ್‌ಗುಡುತ್ತದಂತೆ. ಅದಕ್ಕೆ ‘ನಮ್ಮತ್ತೆ’ ಎಂದು ಹೆಸರಿಡಲು ತಮ್ಮ ಅನುಮತಿ ಕೋರಿ ಬರೆದಿದ್ದಾರೆ. ತಾವು ಯೋಚಿಸಿ ನಿರ್ಧರಿಸಿ, ಆತುರವೇನಿಲ್ಲ. ಸಂಶೋಧಕರ ಅತ್ತೆಗೇ ವಿಷಯ ತಿಳಿಸಿ ತಮ್ಮ ಕಚೇರಿಯ ವಿಳಾಸ ಕೊಟ್ಟಿದ್ದೇನೆ; ಅವರು ಬೆಳಗಿನ ಬಸ್ಸಿಗೇ ಹೊರಟಿದ್ದಾರೆ.