ಜರಡಿ ಸಾಹೇಬರು ಬಾಡಿಗೆ ಇಳಿಸಿದ್ದು

“ಮಾಲೀಕ ಹೇಳಿದ ಬಾಡಿಗೆಗೆ ತಲೆಯಾಡಿಸೋನು ಬಾಡಿಗೆದಾರ ಅಲ್ಲ, ದಾನಶೂರ. ನಾನು ದಾನ ಮಾಡೋಕೆ ಈ ಊರಿಗೆ ಬಂದಿಲ್ಲ.”

ಹೊಸ ನಗರಕ್ಕೆ ಕಾಲಿಟ್ಟ ಸಂಜೆಯೇ ಜರಡಿ ಸಾಹೇಬರು ಬಾಮೈದನ ಮನೆಯ ಊಟದ ಮೇಜಿನ ಮುಂದೆ ಹೀಗೆ ಘೋಷಿಸಿದರು.

ಸಾಹೇಬರು ಬೀಗದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರು. ಕುಂದಿರುವ ಬೀಗ ಅವರ ಕೈ ದಾಟಿ ಹೊರಗೆ ಹೋದದ್ದಿಲ್ಲ. ಕುಂದಿಲ್ಲದ ಬೀಗವೂ ಅನೇಕ ಸಲ ಹೋದದ್ದಿಲ್ಲ. ಕೆಲಸಗಾರರು ‘ಜರಡಿ’ ಎಂದು ಹೆಸರಿಟ್ಟದ್ದು ಅದಕ್ಕೇ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಲೋಕ ಕಂಡಿದೆ. ಸಾಹೇಬರು ಆ ಕಲ್ಲಿನಲ್ಲೂ ಬಿರುಕು ಹುಡುಕುವವರು. ಬಡ್ತಿಯ ಮೇಲೆ ವರ್ಗವಾಗಿ ಬಂದ ಈ ನಗರದಲ್ಲಿ ಸಂಬಳದ ಮುಕ್ಕಾಲು ಪಾಲನ್ನು ಬಾಡಿಗೆಯೇ ನುಂಗುತ್ತದೆ ಎಂದು ಬಾಮೈದ ಎಚ್ಚರಿಸಿದಾಗ ಅವರು ನಕ್ಕುಬಿಟ್ಟರು. ಮನೆಯ ಕುಂದುಗಳನ್ನು ಮಾಲೀಕನ ಕಣ್ಣೆದುರು ಹರಡಿದರೆ ಸಾಕು, ಬಾಡಿಗೆ ತಾನಾಗಿ ಮೂರನೇ ಒಂದು ಭಾಗ ಇಳಿಯುತ್ತದೆ ಎಂಬುದು ಅವರ ಸಿದ್ಧಾಂತ.

“ಮನೆ ಬೀಗ ಅಲ್ಲ ರೀ,” ಎಂದರು ಮಡದಿ. “ಇದು ಸರಿಯಿಲ್ಲ ಅಂತ ಡಬ್ಬಕ್ಕೆ ಎಸೆದು ಇನ್ನೊಂದು ಎತ್ತಿಕೊಳ್ಳೋಕಾಗಲ್ಲ.”

ಬೇಗ ಒಂದು ಮನೆ ಹಿಡಿಯಬೇಕೆಂಬ ಮಡದಿಯ ಅವಸರಕ್ಕೆ ಕಾರಣವಿತ್ತು. ಸದ್ಯಕ್ಕೆ ದಂಪತಿಯ ವಾಸ ಬಾಮೈದನ ಮನೆಯ ಹಾಲ್‌ನಲ್ಲಿ. ಮಡದಿ ಸೋಫಾದ ಮೇಲೆ, ಸಾಹೇಬರು ಅದರ ಬುಡದಲ್ಲಿ. ತಿಂಗಳ ಕೊನೆಯ ಭಾನುವಾರ ಬಾಮೈದನ ಅತ್ತೆ ಬರುವವರಿದ್ದರು, ಸೋಫಾ ಅವರಿಗೆ ಮೀಸಲು. ಹೊರಡಿ ಎಂದು ಬಾಮೈದನ ಹೆಂಡತಿ ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಮೊದಲ ದಿನ ಬಿಸ್ಕತ್ತಿನ ಸಮೇತ ತಟ್ಟೆಯಲ್ಲಿ ಕೂತು ಬಂದ ಚಹಾ, ಬರಬರುತ್ತ ಬಿಸ್ಕತ್ತನ್ನು ಕಳೆದುಕೊಂಡಿತು, ಆಮೇಲೆ ತಟ್ಟೆಯನ್ನೂ ಕಳೆದುಕೊಂಡಿತು, ಕೆಲವೇ ದಿನಗಳಲ್ಲಿ ಹಿಡಿ ಮುರಿದ ಕಪ್ಪಿಗೆ ಬಂದು ನಿಂತಿತು. ಪ್ರಪಂಚದ ಕುಂದನ್ನೆಲ್ಲ ಕಾಣುವ ಸಾಹೇಬರಿಗೆ ಇದರ ಅರ್ಥ ಕಾಣಲಿಲ್ಲ. ಮುರಿದ ಹಿಡಿಯನ್ನು ಅಂಟಿಸುವ ಬಗೆಯನ್ನು ಅವರು ಬಾಮೈದನ ಹೆಂಡತಿಗೇ ವಿಸ್ತಾರವಾಗಿ ವಿವರಿಸಿದರು. ಮಡದಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತವರಿನವರು ತಮ್ಮನ್ನು ಹೊರೆ ಎಂದುಕೊಳ್ಳುವ ಮೊದಲೇ ಮಡದಿಗೆ ತಮ್ಮದೊಂದು ಬಾಗಿಲು ಬೇಕಾಗಿತ್ತು.

ಮೊದಲು ನೋಡಿದ ಮನೆ ಔಷಧಿ ಅಂಗಡಿಯವರದು. ಅಡುಗೆಮನೆಯ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ಕಟ್ಟೆಯ ಮೇಲೆ ಬೀಳುತ್ತಿತ್ತು. ಅದನ್ನು ಕಂಡ ಕ್ಷಣವೇ ಮಡದಿ ಮನಸ್ಸಿನಲ್ಲಿ ಡಬ್ಬಿಗಳನ್ನು ಜೋಡಿಸತೊಡಗಿದರು. ಬಾಡಿಗೆ ಸ್ವಲ್ಪ ಹೆಚ್ಚೇ, ಆದರೆ ಹಲ್ಲು ಕಚ್ಚಿದರೆ ನಿಭಾಯಿಸಬಹುದು. ಒಪ್ಪಿಕೊಳ್ಳಿ ಎಂದು ಗಂಡನನ್ನು ಮೊಣಕೈಯಿಂದ ತಿವಿಯಲು ಹೋದರೆ ತಿವಿತ ಗಾಳಿಗೆ ಬಿತ್ತು. ಸಾಹೇಬರು ಆಗಲೇ ನೆಲದ ಮೇಲೆ ಮೊಣಕಾಲೂರಿದ್ದರು. ಜೇಬಿನಿಂದ ಗಾಜಿನ ಗೋಲಿಯೊಂದನ್ನು ತೆಗೆದು ಕೋಣೆಯ ನಡುವೆ ಇಟ್ಟರು. ಗೋಲಿ ಒಂದು ಕ್ಷಣ ಯೋಚಿಸಿ, ಗಂಭೀರವಾಗಿ ಮೂಲೆಯತ್ತ ಹೊರಟಿತು!

ಆಮೇಲೆ ಅವರನ್ನು ಹಿಡಿಯುವವರಿಲ್ಲ. ನೆಲ ವಾಲಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು, ಕಿಟಕಿಯ ಚಿಲಕ ಕೂರುತ್ತಿರಲಿಲ್ಲ, ಮಲಗುವ ಕೋಣೆಯ ಗೋಡೆ ತಟ್ಟಿದರೆ ಟೊಳ್ಳು ದನಿ ಕೊಡುತ್ತಿತ್ತು. ಮಾಲೀಕರು ಕೋಪಿಸಿಕೊಳ್ಳಲಿಲ್ಲ. ಹಿರಿಯ ವೈದ್ಯರ ಹಿಂದೆ ನಡೆಯುವ ಕಿರಿಯ ವೈದ್ಯರಂತೆ ಟಾರ್ಚ್ ಹಿಡಿದು ಹಿಂದೆ ಹಿಂದೆ ಬಂದರು.

“ಸಾರ್, ನಾನು ಹುಟ್ಟಿದ್ದೇ ಈ ಮನೇಲಿ. ಇದೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೇನಿದೆ, ಸಂಕೋಚ ಬೇಡ, ಹೇಳಿ.”

ಸಾಹೇಬರಿಗೆ ಸಂಕೋಚವೆಂಬ ಕಾಯಿಲೆ ಎಂದೂ ಬಂದಿರಲಿಲ್ಲ. ಎಲ್ಲ ಹೇಳಿ, ಮೂರನೇ ಒಂದು ಭಾಗ ಇಳಿಸಬೇಕೆಂದು ಮುಗಿಸಿದರು. ಒಂದು ವಾರ ಕಾಲಾವಕಾಶ ಕೊಡಿ ಎಂದು ಮಾಲೀಕರು ಕೈ ಹಿಡಿದು ಬೀಳ್ಕೊಟ್ಟರು.

ಆ ವಾರ ಸಾಹೇಬರ ಪಾಲಿಗೆ ಸುವರ್ಣಯುಗ. ಅದೇ ಬೀದಿಯ ಮನೆ ಮಾಲೀಕರು ತಾವಾಗಿಯೇ ಫೋನ್ ಮಾಡಿ ಕರೆಯತೊಡಗಿದರು. ಹೋದಲ್ಲೆಲ್ಲ ಕುರ್ಚಿ, ಚಹಾ, ಹಿಡಿ ಇರುವ ಕಪ್ಪು! ಗೋಲಿ ಬೀದಿಯುದ್ದಕ್ಕೂ ಉರುಳಿತು. ಮನೆ ಕೊಡುತ್ತೀರಾ ಎಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ನೋಡಿ ಹೇಳ್ತೀವಿ. ಊರೆಲ್ಲ ತಮ್ಮ ಚೌಕಾಸಿಗೆ ನಡುಗುತ್ತಿದೆ ಎಂದು ಸಾಹೇಬರು ಸೋಫಾದ ಬುಡದಲ್ಲಿ ಮಲಗಿ ಮೀಸೆ ತಿರುವಿದರು.

ವಾರ ಕಳೆದು ದಂಪತಿ ಔಷಧಿ ಅಂಗಡಿಯವರ ಮನೆಗೆ ಹೋದರೆ ಬಾಗಿಲಲ್ಲಿ ಸಾಮಾನಿನ ಲಾರಿ ನಿಂತಿತ್ತು. ಹೊಸ ಸಂಸಾರವೊಂದು ಒಳಗೆ ಹೋಗುತ್ತಿತ್ತು. ಮಾಲೀಕರು ಓಡಿಬಂದು ಸಾಹೇಬರ ಎರಡೂ ಕೈ ಹಿಡಿದುಕೊಂಡರು. ಸಾಹೇಬರು ತೋರಿಸಿದ್ದ ಒಂದೊಂದು ಕುಂದನ್ನೂ ಸರಿಪಡಿಸಲಾಗಿತ್ತು. ನೆಲ ಹೊಸದು, ನಲ್ಲಿ ಹೊಸದು, ಬಾಡಿಗೆಯೂ ಹೊಸದು. ಹಳೆಯದರ ಒಂದೂವರೆ ಪಟ್ಟು.

“ಎಲ್ಲಾ ನಿಮ್ಮ ಉಪಕಾರ ಸಾರ್. ಇಷ್ಟು ಚೆನ್ನಾಗಿ ನೋಡೋರು ದುಡ್ಡು ಕೊಟ್ಟರೂ ಸಿಗಲ್ಲ ಅಂತ ಬೀದಿಯವರಿಗೆಲ್ಲ ನಿಮ್ಮ ನಂಬರ್ ಕೊಟ್ಟೆ. ಅವರೂ ಗಾರೆಯವರನ್ನ ಕರೆಸಿದ್ದಾರೆ ನೋಡಿ.”

ಸಾಹೇಬರು ನೋಡಿದರು. ಬೀದಿಯ ಮನೆಮನೆಯ ಮುಂದೆಯೂ ಮರಳು, ಸಿಮೆಂಟು. ಬಾಡಿಗೆ ಇಳಿಸಲು ಬಂದ ಮಹಾನುಭಾವರು ಇಡೀ ಬೀದಿಯ ಬಾಡಿಗೆಯನ್ನು ಏಕಾಂಗಿಯಾಗಿ, ಬಿಟ್ಟಿಯಾಗಿ ಏರಿಸಿದ್ದರು!

“ಊರಿಗೆ ಉಪಕಾರಿ,” ಎಂದಷ್ಟೇ ಹೇಳಿ ಮಡದಿ ಗಾದೆಯ ಉಳಿದರ್ಧವನ್ನು ನುಂಗಿಕೊಂಡರು. ಅವರು ಹಿಂದಿರುಗಿ ಆ ಅಡುಗೆಮನೆಯ ಕಿಟಕಿಯನ್ನು ಒಮ್ಮೆ ನೋಡಿದ್ದನ್ನು ಸಾಹೇಬರು ಕಂಡರು. ಗಾದೆಯ ಉಳಿದರ್ಧಕ್ಕಿಂತ ಅದು ಹೆಚ್ಚು ಚುಚ್ಚಿತು.

ಬಾಮೈದನ ಅತ್ತೆ ಬರುವ ಹಿಂದಿನ ದಿನ ಬೆಳಿಗ್ಗೆ ಚಹಾ ಸ್ಟೀಲ್ ಲೋಟದಲ್ಲಿ, ಅರ್ಧ ಮಾತ್ರ ಬಂತು. ಬಾಮೈದ ಪೇಪರಿನ ಹಿಂದಿನಿಂದ, “ಭಾವ, ಇವತ್ತು ಎಲ್ಲಾದರೂ ನೋಡೋದಿದೆಯಾ?” ಎಂದು ಕೇಳಿದ. ದನಿ ಮೆತ್ತಗಿತ್ತು, ಆದರೂ ಮಡದಿಯ ಕಣ್ಣಂಚು ಒದ್ದೆಯಾಯಿತು. ಅವರು ಎದ್ದು, ಗಂಡನ ಮುಂದೆ ಅಂಗೈ ಚಾಚಿದರು.

“ಗೋಲಿ ಇಲ್ಲಿ ಕೊಡಿ. ಇವತ್ತು ಮಾತಾಡೋದು ನಾನು.”

ಅಂದು ನೋಡಲು ಹೋದದ್ದು ನಿವೃತ್ತ ನರ್ಸ್ ಅಜ್ಜಿಯೊಬ್ಬರ ಮನೆಯ ಮೇಲಿನ ಎರಡು ಕೋಣೆ. ಅಜ್ಜಿ ಕೋಣೆ ತೋರಿಸಲೇ ಇಲ್ಲ. ಇಬ್ಬರನ್ನೂ ಎದುರಿಗೆ ಕೂರಿಸಿ, ಕನ್ನಡಕ ಏರಿಸಿ, ಬಾಡಿಗೆದಾರರನ್ನೇ ಪರೀಕ್ಷಿಸತೊಡಗಿದರು. ನಾಲಿಗೆ ಚಾಚಿ ಎನ್ನಲಿಲ್ಲ, ಅಷ್ಟೇ. ಇವರು ಗೊರಕೆ ಹೊಡೆಯುತ್ತಾರೆಯೇ, ಬಾಗಿಲನ್ನು ದಢಾರನೆ ಹಾಕುತ್ತಾರೆಯೇ ಎಂದು ಕೇಳಿದರು. ಎಂದೂ ಇಲ್ಲ ಎನ್ನಲು ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಮಡದಿ ನಿಜ ಹೇಳಿಬಿಟ್ಟರು.

“ಹೊಡೀತಾರಮ್ಮ. ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕ್ತಾರೆ. ತರಕಾರಿ ಹೆಚ್ಚಿದರೆ ತುಂಡು ಒಂದೇ ಸಮ ಇಲ್ಲ ಅಂತಾರೆ, ಹಾಸಿಗೆ ಮಡಿಚಿದರೆ ಮೂಲೆಗೆ ಮೂಲೆ ಕೂಡಿಲ್ಲ ಅಂತಾರೆ. ಮದುವೆ ದಿನ ಫೋಟೋದವನಿಗೆ ಬೆಳಕು ಸರಿಯಿಲ್ಲ ಅಂತ ಹೇಳಿ ಹೇಳಿ, ಅವನು ಎದ್ದೇ ಹೋದ. ನಮ್ಮ ಮದುವೇದು ಒಂದು ಫೋಟೋನೂ ಇಲ್ಲ.”

ಮಾತು ಹರಿಯುತ್ತಲೇ ಇತ್ತು. ಬೀಗಗಳನ್ನು ಡಬ್ಬಕ್ಕೆ ಎಸೆಯುವಾಗ ಬೀಗಕ್ಕೆ ಏನನ್ನಿಸುತ್ತದೆ ಎಂಬುದು ಸಾಹೇಬರಿಗೆ ಮೊದಲ ಬಾರಿಗೆ ಅರಿವಾಯಿತು. ಇದೂ ಕೈತಪ್ಪಿತು ಎಂದು ಅವರು ತಲೆ ತಗ್ಗಿಸಿದರು.

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಎಷ್ಟು ವರ್ಷ ಆಯ್ತು ಮಗಳೇ?”

“ಇಪ್ಪತ್ತೆರಡು.”

“ಇಷ್ಟು ರಿಪೇರಿ ಇರೋದನ್ನ ಇಷ್ಟು ವರ್ಷ ಸಂಭಾಳಿಸಿದ್ದೀಯಲ್ಲ, ನನ್ನ ಮನೆ ಯಾವ ಲೆಕ್ಕ. ಬೀಗದ ಕೈ ತಗೋ. ಬಾಡಿಗೇಲಿ ಮೂರನೇ ಒಂದು ಭಾಗ ಬಿಡ್ತೀನಿ. ಪಾಪ, ನೀನೂ ಎಷ್ಟೂಂತ ಸಹಿಸ್ತೀಯ.”

ಕುಂದು ತೋರಿಸಿದರೆ ಬಾಡಿಗೆ ಇಳಿಯುತ್ತದೆ ಎಂಬ ಸಿದ್ಧಾಂತ ಹೀಗೆ ಅಕ್ಷರಶಃ ನಿಜವಾಯಿತು! ಮೆಟ್ಟಿಲು ಹತ್ತುವಾಗ ಸಾಹೇಬರು ತಗ್ಗಿದ ದನಿಯಲ್ಲಿ, ಅದೆಲ್ಲ ಚೌಕಾಸಿಗಾಗಿ ಹೇಳಿದ್ದು ತಾನೇ ಎಂದು ವಿಚಾರಿಸಿದರು. ಇನ್ನೂ ಅರ್ಧ ಹೇಳಿರಲಿಲ್ಲ ಎಂದರು ಮಡದಿ.

ಭಾನುವಾರ ಸಾಮಾನು ಬಂತು. ಮಾತು ನಾಟಿತ್ತೋ ಏನೋ, ಸ್ನಾನ ಮುಗಿಸಿದ ಸಾಹೇಬರು ಟವೆಲನ್ನು ಹಿಂಡಿ, ಬಾಲ್ಕನಿಯ ಹಗ್ಗದ ಮೇಲೆ ಅಂಚಿಗೆ ಅಂಚು ಕೂಡಿಸಿ ಹರವಿದರು. ಬಾಗಿಲನ್ನು ಬೆರಳ ತುದಿಯಿಂದ ಮೆಲ್ಲಗೆ ಮುಚ್ಚಿ, ಹೊಗಳಿಕೆಗಾಗಿ ಮಡದಿಯತ್ತ ನೋಡಿದರು.

ಮಡದಿ ಕೆಳಗೆ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಅಜ್ಜಿಯನ್ನು ಒಮ್ಮೆ ಇಣುಕಿದರು. ಸರಕ್ಕನೆ ಟವೆಲನ್ನು ಎಳೆದು ತಂದು ಕುರ್ಚಿಯ ಮೇಲೆ ಎಸೆದರು.

“ಇಷ್ಟೆಲ್ಲ ಸುಧಾರಿಸೋಕೆ ಹೋಗಬೇಡಿ ರೀ. ಅಜ್ಜಿ ನೋಡಿದರೆ ಬಾಡಿಗೆ ಏರಿಸ್ತಾರೆ.”