ಮುಖ ಕಾಣದ ಬಲ್ಬು

ಗಂಡ ಸತ್ತ ಮೇಲೆ ನನ್ನ ಪಾಲಿಗೆ ಉಳಿದದ್ದು ಎರಡು. ಒಂದು ಅವನ ಹಳೇ ಮೋಟರ್‌ಸೈಕಲ್, ಇನ್ನೊಂದು ನನ್ನ ಮುಖ. ಮೋಟರ್‌ಸೈಕಲ್ಲಿನ ದೋಷ ಏನೆಂದರೆ ಅದರ ಲೈಟಿನಲ್ಲಿ ಏನೂ ಕಾಣುವುದಿಲ್ಲ. ಮುಖದ ದೋಷ ಏನೆಂದರೆ ಅದು ಎಲ್ಲರಿಗೂ ಕಾಣುತ್ತದೆ. ಎರಡಕ್ಕೂ ಸೇರಿ ಒಂದೇ ಬಲ್ಬು ಸಾಕು ಎಂದು ನನಗೆ ಹೊಳೆಯಿತು. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವಳ ಬುದ್ಧಿ. ಅದು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುತ್ತೇನೆ.

ನನ್ನ ಹೆಸರು ಶೇಖರಮ್ಮ. ಊರು ಸಾಲಗುಂದ. ಸಿಂಧನೂರಿನಲ್ಲಿ ಭುವನೇಶ್ವರಿ ಎಂಬಾಕೆ ಖಾನಾವಳಿ ನಡೆಸುತ್ತಾಳೆ. ಅಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ. ರೈಸ್‌ಮಿಲ್ಲಿನ ಹಮಾಲರು ಬೆಳಗಿನ ಆರಕ್ಕೆಲ್ಲ ಉಣ್ಣಲು ಬಂದು ಕೂರುತ್ತಾರೆ. ಐದೂವರೆಗೆ ನಾನು ಒಲೆ ಮುಂದೆ ಇರಬೇಕು. ಆ ಹೊತ್ತಿಗೆ ನಮ್ಮೂರಿನಿಂದ ಬಸ್ಸಿಲ್ಲ.

ಗಾಡಿ ಓಡಿಸುವುದು ನನಗೆ ಹೊಸದಲ್ಲ. ನನ್ನ ಗಂಡ ಅಯ್ಯಪ್ಪನಿಗೂ ಸಿಂಧನೂರಿನ ಮಿಲ್ಲಿನಲ್ಲೇ ಕೆಲಸ, ಆದರೆ ಮಬ್ಬಿನಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಆರು ವರ್ಷ ನಾನು ಓಡಿಸಿದೆ, ಅವನು ಹಿಂದೆ ಕೂತ. ಊರು ಹತ್ತಿರ ಬಂದ ಕೂಡಲೇ ಇಳಿದು ಜಾಗ ಬದಲಾಯಿಸುತ್ತಿದ್ದೆವು. ಊರೊಳಗೆ ಗಂಡಸು ಓಡಿಸಿದಂತೆ ಕಾಣಬೇಕು. (ಆ ಇನ್ನೂರು ಹೆಜ್ಜೆಯಲ್ಲಿ ಎರಡು ಸಲ ಎಮ್ಮೆಗೆ ಗುದ್ದಿದ್ದ. ಎಮ್ಮೆಗಳು ಇನ್ನೂ ಇವೆ. ಅವನು ಎಂಟು ತಿಂಗಳ ಹಿಂದೆ ಕಾಮಾಲೆಯಲ್ಲಿ ಹೋದ.)

ಈಗ ಮುಖದ ವಿಷಯ.

ನಮ್ಮ ಮನೆ ಊರಿನ ಹಿಂದಿನ ತುದಿಗೆ. ಸಿಂಧನೂರು ರಸ್ತೆ ಮುಂದಿನ ತುದಿಗೆ. ನಡುವಿನ ಓಣಿಯ ಅಷ್ಟೂ ಬಾಗಿಲುಗಳನ್ನು ದಾಟಿ ನಾನು ಹೋಗಬೇಕು. ಅದೇ ಹೊತ್ತಿಗೆ ಬಸವಂತರಾಯ ಕಾಕಾ ಗದ್ದೆಗೆ ಹೊರಡುತ್ತಾನೆ. ಅವನ ಗದ್ದೆ ಇರುವುದು ಊರ ಮುಂದಿನ ಕೆನಾಲ್ ಸೇತುವೆ ದಾಟಿ, ಆರ್.ಎಚ್. ಕ್ಯಾಂಪಿನ ಕಡೆ. ಗಂಡ ಇದ್ದಾಗ ಕಾಕಾ ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯುತ್ತಿದ್ದ. ಮುತ್ತೈದೆ ಎದುರು ಬಂದಳು ಎಂದು ಸ್ಕೂಟಿ ಚಾಲೂ ಮಾಡುತ್ತಿದ್ದ. ಆಮೇಲೆ ಹಣೆಯ ಕುಂಕುಮ ಹೋಯಿತು. ಮೂಗು, ಗಲ್ಲ, ಗದ್ದ ಎಲ್ಲ ಮೊದಲಿನವೇ. ಈಗ ಅವನು ಹೊಸ್ತಿಲು ದಾಟಿ ಕಾಲಿಟ್ಟಾಗ ನಾನು ಕಂಡರೆ ಒಳಗೆ ಹೋಗಿಬಿಡುತ್ತಾನೆ. ಅವನೊಬ್ಬನೇ ಅಲ್ಲ, ಇಡೀ ಓಣಿ ಹಾಗೆ. ಆದರೆ ಮುಖದ ಮೇಲೆ ಹೇಳಿದವನು ಕಾಕಾ ಒಬ್ಬನೇ. ಅದೂ ಪ್ರೀತಿಯಿಂದ ಹೇಳಿದ.

"ತಂಗಿ, ನಿನ್ನ ಮ್ಯಾಲ ನಂಗೇನ್ ಸಿಟ್ಟಿಲ್ಲ. ನಿನ್ನ ಕಂಡೆ ಅಂದ್ರ ಒಳಗ ಹೋಗಿ, ಕುಂತು, ಒಂದು ತಂಬಿಗಿ ನೀರು ಕುಡದು ಮತ್ತ ಹೊಂಡ್ತೀನಿ. ಶಾಸ್ತ್ರ ಅದ ಹಂಗ. ಆದ್ರ ದಿನಾ ಒಂದು ತಂಬಿಗಿ ನೀರು. ವಯಸ್ಸಾಗೇತಿ. ಹಾದ್ಯಾಗ ನಾಕು ಕಡೆ ಗಾಡಿ ನಿಂದರಸಬೇಕಾಗ್ತದ."

"ಅರ್ಧಾ ತಂಬಿಗಿ ಕುಡೀರಿ ಕಾಕಾ."

"ಅರ್ಧಾ ಕುಡದ್ರ ಪರಿಹಾರ ಅರ್ಧಾ ಆಗ್ತದ. ನೀನ ಜರಾ ನಿಂತು, ನೋಡಿ, ಬಾರವ್ವ."

ನಿಂತು ನೋಡಿ ಹೋಗತೊಡಗಿದೆ. ಪ್ರತಿ ತಿರುವಿಗೆ ಗಾಡಿ ನಿಲ್ಲಿಸಿ, ಕಳ್ಳಿಯಂತೆ ಇಣುಕಿ, ಯಾರೂ ಇಲ್ಲದಿದ್ದರೆ ಮುಂದಕ್ಕೆ. ಹೀಗೆ ಹೋದರೆ ಖಾನಾವಳಿ ಮುಟ್ಟುವಷ್ಟರಲ್ಲಿ ಆರು. ಮೂರನೇ ದಿನ ಭುವನೇಶ್ವರಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಶೇಖರಮ್ಮ, ಹಮಾಲ್ರು ಗಂಗಾಳ ಬಾರ್ಸಾಕತ್ತಾರ, ಕೇಳಸ್ತದಿಲ್ಲ? ಇನ್ನೊಂದು ವಾರ ನೋಡ್ತೀನಿ. ಆಮ್ಯಾಲ ಬ್ಯಾರೆದಾಕಿನ್ನ ಕರೀತೀನಿ."

ಆಕೆ ಹೇಳಿದಂತೆ ಮಾಡುವವಳು. ಆ ಕೆಲಸ ಹೋದರೆ ನನಗೆ ಇನ್ನೊಂದಿಲ್ಲ.

ಮರುದಿನ ನಸುಕಿನಲ್ಲಿ ರಸ್ತೆಯಲ್ಲಿ ಎದುರಿನಿಂದ ಒಂದು ಗಾಡಿ ಬಂತು. ಬೆಳ್ಳನೆಯ ಲೈಟು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ದಾಟಿತ್ತು. ಬಂದದ್ದು ಗಂಡೋ, ಹೆಣ್ಣೋ, ಎತ್ತೋ ಗೊತ್ತಾಗಲಿಲ್ಲ. ನನಗೆ ಬೇಕಾದದ್ದು ಇದು ಎಂದುಕೊಂಡೆ.

ನನ್ನ ತಮ್ಮ ದುರುಗೇಶ ಲಿಂಗಸುಗೂರಿನಲ್ಲಿ ಇದ್ದಾನೆ. ಅವನಿಗೆ ಫೋನ್ ಮಾಡಿದೆ. ಬರುವಾಗ ಮಸ್ಕಿಯಲ್ಲಿ ಇಳಿದು ತಳ್ಳುಗಾಡಿಯ ಮೇಲೆ ಒಂದು ಬಲ್ಬು ಕೊಂಡು ತಂದ.

"ಅಕ್ಕಾ, ನೂರಾ ಐವತ್ತಕ್ಕ ಸೂರ್ಯನ್ನ ತಂದೀನಿ."

ಹಾಕಿಕೊಟ್ಟ. ಆ ಸೂರ್ಯನ ಗುಣ ಹೀಗಿತ್ತು. ಗಾಡಿ ಜೋರಾಗಿ ಹೋದರೆ ಉರಿಯುತ್ತಿದ್ದ, ನಿಧಾನ ಮಾಡಿದರೆ ಮಿಟುಕುತ್ತಿದ್ದ. ಓಣಿಯಲ್ಲಿ ನಿಧಾನ ಮಾಡಲೇಬೇಕಾದ ಜಾಗ ಒಂದೇ, ಕಾಕಾನ ಮನೆ ಮುಂದಿನ ರೋಡ್ ಹಂಪು. ಅಲ್ಲಿ ಬಲ್ಬು ಒಮ್ಮೆ ಹತ್ತಿ, ಒಮ್ಮೆ ಆರಿ, ನಾಟಕದಲ್ಲಿ ರಾಣಿ ಬಂದಾಗ ಲೈಟು ಬಿಡುತ್ತಾರಲ್ಲ, ಹಾಗೆ ನನ್ನ ಮುಖವನ್ನು ಬಿಟ್ಟು ಬಿಟ್ಟು ತೋರಿಸಿತು. ಕಾಕಾ ಅವತ್ತು ಎರಡು ತಂಬಿಗೆ ಕುಡಿದನಂತೆ. ನಾಲ್ಕನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಸೂರ್ಯ ಅಸ್ತಮಿಸಿದ.

"ಡಬ್ಬಿ ಮ್ಯಾಲ ನೂರು ವ್ಯಾಟ್ ಅಂತ ಬರದಿತ್ತಕ್ಕಾ," ಎಂದ ತಮ್ಮ.

"ಹಂಗಾದ್ರ ಗಾಡಿಗೆ ಡಬ್ಬಿ ಕಟ್ಲೇನು?"

ಭುವನೇಶ್ವರಿಯ ವಾರದಲ್ಲಿ ಎರಡು ದಿನ ಉಳಿದಿತ್ತು. ಕೆಲಸ ಮುಗಿಸಿ ಮಧ್ಯಾಹ್ನ ಸಿಂಧನೂರಿನಲ್ಲೇ ಅಮೀನ್‌ಸಾಬ್ ಅವರ ಅಂಗಡಿಗೆ ಹೋದೆ. ಮೋಟರ್‌ಸೈಕಲ್ ಸಾಮಾನು ಮಾರುವ ಹಳಬರು. ನಿಧಾನಕ್ಕೆ ಮಾತಾಡುತ್ತಾರೆ. ಸುಟ್ಟ ಬಲ್ಬನ್ನು ತಿರುಗಿಸಿ ನೋಡಿದರು.

"ಅಕ್ಕಾ, ಎಲ್‌ಇಡಿ ಬಲ್ಬು ತಗೊಳಾಗ ಮುಂದಿನದು ನೋಡಬಾರ್ದು, ಬೆನ್ನು ನೋಡಬೇಕು. ಕಾವು ಬೆನ್ನಿಂದ ಹೊರಗ ಹೋಗ್ತದ. ಇದರ ಬೆನ್ನು ಬರೇ ಪ್ಲಾಸ್ಟಿಕ್. ಇದು ನೋಡ್ರಿ, ಅಲ್ಯೂಮಿನಿಯಂ. ತೂಕ ಐತಿ. ಮತ್ತ ನಿಮ್ಮ ಗಾಡಿ ಲೈಟು ಇಂಜಿನ್ ಮ್ಯಾಲ ಉರಿತದ, ಅದಕ್ಕ ಮಿಟುಕಸ್ತದ. ವೈರು ಬ್ಯಾಟರಿಗೆ ಕೊಟ್ಟು ಹಚ್ಚಬೇಕು. ಈಗ ಹೇಳ್ರಿ, ಎಷ್ಟು ದೂರ ಕಾಣಬೇಕು?"

"ನಂಗ ದೂರ ಕಾಣೋದು ಬ್ಯಾಡ. ಎದುರಿದ್ದವ್ರಿಗೆ ನಾ ಕಾಣಬಾರ್ದು."

ಅಮೀನ್‌ಸಾಬ್ ಕನ್ನಡಕ ತೆಗೆದರು. "ಮೂವತ್ತು ವರ್ಷ ಆತು ದುಕಾನ್ ಇಟ್ಟು. ಹಿಂಗ ಕೇಳಿದ ಗಿರಾಕಿ ನೀವ ಮೊದಲು. ಇದು ತಗೋರಿ, ಡಿಮ್ ಮಾಡಿದ್ರ ಎದುರಿದ್ದವ್ರಿಗೆ ತ್ರಾಸ ಇಲ್ಲ."

"ತ್ರಾಸ ಇಲ್ಲಂದ್ರ ಒಳಗ ಇಡ್ರಿ."

ಪರೀಕ್ಷೆ ಮಾಡದೆ ನಾನು ಕೊಳ್ಳುವುದಿಲ್ಲ. ಒಳಗಿನ ಗೋದಾಮಿಗೆ ಗಾಡಿ ತಳ್ಳಿ, ಶಟರ್ ಇಳಿಸಿ ಕತ್ತಲೆ ಮಾಡಿಸಿದೆ. ಅಮೀನ್‌ಸಾಬರಿಗೆ ನನ್ನ ಗುರುತು ಇದೆ, ಅವರ ಸಾಕ್ಷಿ ನಡೆಯುವುದಿಲ್ಲ. ಟೇಲರ್ ಶಾವಲಿ ಎಂಬವನು ಬ್ರೇಕ್ ಕೇಬಲ್ ಒಯ್ಯಲು ಬಂದಿದ್ದ. ಅವನನ್ನು ಗಾಡಿಯ ಎದುರು ನಿಲ್ಲಿಸಿ, ಗಾಡಿ ಓಡಿಸುವಾಗ ಸೀರೆ ಮೇಲೆ ತೊಡುವ ಗಂಡನ ಅಂಗಿಯಲ್ಲೇ ನಾನು ಅದರ ಮೇಲೆ ಕೂತೆ.

ಮೊದಲನೇ ಬಲ್ಬು ಹಚ್ಚಿದರು.

"ಏನ್ ಕಾಣ್ತದ?" ಎಂದರು ಅಮೀನ್‌ಸಾಬ್.

"ಹೆಣ್ಮಗಳು. ಗಂಡಸರ ಅಂಗಿ ಹಾಕ್ಯಾಳ. ಹಣ್ಯಾಗ ಕುಂಕುಮ ಇಲ್ಲ," ಎಂದ ಶಾವಲಿ.

"ತಗೀರಿ ಅದನ್ನ," ಎಂದೆ ನಾನು.

ಎರಡನೆಯದು.

"ಯಾರೋ ಮನಶಾರು ಕುಂತಂಗ ಕಾಣ್ತದ. ಗಂಡೋ ಹೆಣ್ಣೋ ತಿಳಿವಲ್ದು. ಅಂಗಿ ಹೊಲಿಗಿ ಮಾತ್ರ ಸುಮಾರ ಅದ."

ಮನುಷ್ಯರು ಎಂದು ಗೊತ್ತಾಗುವುದೂ ಜಾಸ್ತಿಯೇ. ಮೂರನೆಯದು ಹಚ್ಚಿದಾಗ ಶಾವಲಿ ಎರಡೂ ಕೈ ಮುಖಕ್ಕೆ ಹಿಡಿದ.

"ಏನೂ ಕಾಣವಲ್ದು. ಲಾರಿನೂ ಇರಬಹುದು, ಪೊಲೀಸ್ರೂ ಇರಬಹುದು. ಆರಸ್ರಿ ಮೊದಲ, ಕಣ್ಣಾಗ ನೀರು ಬಂದ್ವು. ಇವತ್ತು ನಾ ಸೂಜಿ ಪೋಣಿಸಿದಂಗ ಆತು."

"ಇದು ಕೊಡ್ರಿ," ಎಂದೆ.

ಎಂಟುನೂರು ಹೇಳಿದರು, ಐನೂರು ಕೇಳಿದೆ, ಆರುನೂರಕ್ಕೆ ನಿಂತಿತು. ಅಮೀನ್‌ಸಾಬರಿಗೆ ಮನಸ್ಸು ಒಪ್ಪದು. "ರಸ್ತಾದಾಗ ಡಿಮ್ ಮಾಡಬೇಕು ನೋಡ್ರಿ ಅಕ್ಕಾ. ಎದುರಿದ್ದವ್ರು ತೆಗ್ಗಿಗೆ ಬಿದ್ದಾರು."

"ರಸ್ತಾದಾಗ ಮಾಡ್ತೀನಿ. ನಮ್ಮ ಓಣ್ಯಾಗ ಅಷ್ಟ ಮಾಡಂಗಿಲ್ಲ."

"ಒಂದು ವರ್ಷ ಗ್ಯಾರಂಟಿ ಅದ. ಹ್ವಾದ್ರ ತಂದು ಕೊಡ್ರಿ, ಹೊಸಾದು ಕೊಡ್ತೀನಿ."

ಹೋದದ್ದಕ್ಕೆ ಬದಲಿ ಕೊಡುವ ಪದ್ಧತಿ ಬಲ್ಬಿಗಾದರೂ ಇದೆ ಎಂದು ಕೇಳಿ ಸಮಾಧಾನವಾಯಿತು. ಗ್ಯಾರಂಟಿ ಚೀಟಿಯನ್ನು ಗಂಡನ ಫೋಟೋದ ಹಿಂದೆ ಸಿಕ್ಕಿಸಿದೆ.

ಮರುದಿನ ಬೆಳಗಿನ ಐದಕ್ಕೆ ಓಣಿಗೆ ಇಳಿದೆ. ಎಲ್ಲಿಯೂ ನಿಲ್ಲಲಿಲ್ಲ, ಇಣುಕಲಿಲ್ಲ. ಓಣಿ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಕಾಕಾ ಹೊಸ್ತಿಲ ಆಚೆ ಒಂದು ಕಾಲು ಇಟ್ಟಿದ್ದ. ಟವೆಲ್ಲು ಕಣ್ಣಿಗೆ ಅಡ್ಡ ಹಿಡಿದು ಕೂಗಿದ.

"ಯಾವನಲೇ ಅವ, ಡಿಮ್ ಮಾಡಲೇ."

ಅವ ಎಂದ. ಎಂಟು ತಿಂಗಳಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಐದು ಇಪ್ಪತ್ತೈದಕ್ಕೆ ಒಲೆ ಮುಂದೆ ಇದ್ದೆ. ಭುವನೇಶ್ವರಿ ಗಡಿಯಾರ ನೋಡಿ, ಹಿಟ್ಟಿನ ಬುಟ್ಟಿ ನನ್ನ ಕಡೆ ಸರಿಸಿದಳು. ಕೆಲಸ ಉಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬಹಳ ಜಾಣೆ.

ಹತ್ತು ದಿನ ಕಳೆದವು. ಓಣಿಯಲ್ಲಿ ಯಾರೂ ಎದುರಾಗುವುದು ನಿಂತುಹೋಯಿತು. ಎಲ್ಲ ಬಾಗಿಲೂ ಹಾಕಿರುತ್ತಿದ್ದವು. ಅದೃಷ್ಟ ಎಂದುಕೊಂಡೆ. ಒಂದು ಸಂಜೆ ಕಾಕಾನ ಹೆಂಡತಿ ಪದ್ಮಾವತಿ ಚಿಗವ್ವ ನಳದ ಹತ್ತಿರ ಸಿಕ್ಕು, ಕೊಡ ತುಂಬುವ ತನಕ ಎಲ್ಲ ಹೇಳಿದಳು.

"ಛಲೋ ಕೆಲಸ ಮಾಡಿದಿ ಬೇ, ಆ ಲೈಟು ಹಚ್ಚಿ. ಸಾಲಗುಂದದಾಗ ಅಂಥಾ ಲೈಟು ನಿಂದೊಂದ. ಕಿಟಕ್ಯಾಗ ಬೆಳ್ಳಗ ಹೊಡಿತದ. ಶೇಖರಮ್ಮ ಬಂದ್ಲು ಅಂತ ಒಳಗ ಕುಂದರ್ತೀವಿ. ದಾಟಿಂದ ಹೊರಗ ಬರ್ತೀವಿ. ನಿಮ್ಮ ಕಾಕಾಂದು ನೀರು ಕುಡಿಯೋದ ತಪ್ಪೇತಿ."

ಆರುನೂರು ಕೊಟ್ಟು ಮುಖ ಮುಚ್ಚಿದ್ದೆ. ಈಗ ಅದು ಅರ್ಧ ಮೈಲಿಯಿಂದ ಗುರುತು ಸಿಗುತ್ತಿತ್ತು. ಆದರೂ ಸುಮ್ಮನಾದೆ. ಅವರಿಗೆ ತೊಂದರೆ ಇಲ್ಲ, ನನಗೆ ತಡ ಇಲ್ಲ.

ಆಮೇಲೆ ಭುವನೇಶ್ವರಿಯ ಮೈದುನನ ಮದುವೆ ಬಂತು. ಖಾನಾವಳಿಗೆ ಒಂದು ದಿನ ರಜೆ. ಗಂಡ ಹೋದ ಮೇಲೆ ಮೊದಲನೇ ರಜೆ. ಮೊಬೈಲ್ ಆರಿಸಿ, ಹೊತ್ತು ಏರುವ ತನಕ ಏಳುವುದಿಲ್ಲ ಎಂದು ಹೊದ್ದುಕೊಂಡೆ. ಐದೂಕಾಲಿಗೆ ಬಾಗಿಲು ಬಡಿದರು.

"ಶೇಖರವ್ವ. ಅದಿಯೇನು? ಬಾಗಲಾ ತಗೀಬ್ಯಾಡ. ಅಲ್ಲಿಂದನ ಮಾತಾಡು." ಕಾಕಾನ ಧ್ವನಿ. ಹಿಂದೆ ಇನ್ನೂ ಐದಾರು ಜನರ ಕೆಮ್ಮು ಕೇಳಿಸಿತು.

"ಏನ್ರಿ ಕಾಕಾ?"

"ಯಾಕ ಇನ್ನಾ ಹೊಂಟಿಲ್ಲ?"

"ಇವತ್ತು ರಜಾ ಐತ್ರಿ."

ಹೊರಗೆ ಗುಸುಗುಸು. ರಜಾ ಅಂತ, ಎಂದರು ಒಬ್ಬರು. ಯಾರನ್ನ ಕೇಳಿ ಮಾಡ್ಯಾಳ, ಎಂದರು ಇನ್ನೊಬ್ಬರು.

"ರಜಾ ಇದ್ರ ನಿನ್ನೆ ಹೇಳಬೇಕಿಲ್ಲೇನು ತಂಗಿ? ಎಲ್ಲಾರು ಹೊಸ್ತಲದಾಗ ನಿಂತೀವಿ, ನಿನ್ನ ಲೈಟು ದಾಟಲಿ ಅಂತ. ಹಾಲಿನ ಕ್ಯಾನು ಹಂಗ ಕುಂತಾವ. ಟ್ರ್ಯಾಕ್ಟರ್ ಚಾಲೂ ಮಾಡಿ ಎಷ್ಟೊತ್ತಾತು, ಡೀಸೆಲ್ ಸುಡಾಕತ್ತೇತಿ."

"ನಾ ಮನ್ಯಾಗ ಅದೀನಲ್ಲ. ಹೊರಗ ಬರಂಗಿಲ್ಲ. ನೀವು ಹೋಗ್ರಿ."

"ನೀರಿಗೆ ಅಂತ ಬಂದ್ರ?"

"ಬರಂಗಿಲ್ಲ."

"ಕಸಾ ಚೆಲ್ಲಾಕ ಬಂದ್ರ?"

"ಚೆಲ್ಲಂಗಿಲ್ಲ ಕಾಕಾ."

"ಯಾಕ ಅಷ್ಟು ಮಾತು," ಎಂದಳು ಪದ್ಮಾವತಿ ಚಿಗವ್ವ. "ಒಂದು ಸಲ ಹೋಗಿಬಿಡ ಬೇ. ದಿನಾ ಹೋಗಾಕಿ, ಇವತ್ತೇನು ಭಾರ?"

"ಹೋಗಿ ಹೊಳ್ಳಿ ಬಂದಿ ಮತ್ತ," ಎಂದ ಕಾಕಾ. "ಹೊಳ್ಳಿ ಬಂದ್ರ ಎದುರಿಗೇ ಬಂದಂಗ ಆಗ್ತದ. ಕೆನಾಲ್ ಸೇತುವೆ ಮ್ಯಾಲ ನಿಂದ್ರು. ನಾವೆಲ್ಲಾ ದಾಟೂತನ ನೀರಿನ ಕಡೆ ಮುಖಾ ಮಾಡು. ಆಮ್ಯಾಲ ಬಂದು ಬೇಕಾದಷ್ಟು ಮಕ್ಕೋ, ಯಾರ್ ಬ್ಯಾಡ ಅಂತಾರ?"

ಅವರೆಲ್ಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಎದ್ದು ಗಂಡನ ಅಂಗಿ ಹಾಕಿಕೊಂಡೆ. ರೊಟ್ಟಿ ಇಲ್ಲ, ಒಲೆ ಇಲ್ಲ, ಸಂಬಳವೂ ಇಲ್ಲ. ಓಣಿಯುದ್ದ ಬೆಳಕು ಬಿಟ್ಟುಕೊಂಡು ಹೋಗಿ ಸೇತುವೆ ಮೇಲೆ ಗಾಡಿ ನಿಲ್ಲಿಸಿ, ಕಾಲುವೆಯ ಕಡೆ ಮುಖ ಮಾಡಿ ನಿಂತೆ.

ಬೆನ್ನ ಹಿಂದೆ ಊರು ಹೊರಟಿತು. ಟ್ರ್ಯಾಕ್ಟರ್ ಹೋಯಿತು. ಹಾಲಿನವರು ಹೋದರು. ದಾಟುವಾಗ ಒಬ್ಬೊಬ್ಬರೂ ಮಾತಾಡಿಸಿದರು. "ಬರ್ತೀವಿ ಶೇಖರಮ್ಮ." "ಉಪಕಾರ ಆತವ್ವ." "ಥಂಡಿ ಐತಿ, ಸೆರಗು ಹೊದ್ಕೋ." ಗಂಡ ಸತ್ತ ಹನ್ನೊಂದು ದಿನದಲ್ಲಿಯೂ ಇಷ್ಟು ಜನ ನನ್ನನ್ನು ಮಾತಾಡಿಸಿರಲಿಲ್ಲ.

ಕೊನೆಗೆ ಕಾಕಾನ ಸ್ಕೂಟಿ ಬಂದು ಹಿಂದೆ ನಿಂತಿತು.

"ನಾಳೆ ಎಷ್ಟಕ್ಕ ಹೊಂಡ್ತಿ ತಂಗಿ?"

"ಐದಕ್ಕ," ಎಂದು ನೀರಿಗೆ ಹೇಳಿದೆ.

"ಬರೋಬ್ಬರಿ ಐದಕ್ಕ ಹೊಂಡವ್ವ. ಮೊನ್ನೆ ಎರಡು ನಿಮಿಷ ತಡಾ ಮಾಡಿದ್ದಿ," ಎಂದು ಕಾಕಾ ಗದ್ದೆಗೆ ಹೋದ.