ಗದ್ದ ಸ್ವಲ್ಪ ಮೇಲೆ

ಆ ಕಾಗದ ನೇರವಾಗಿ ಅವನ ಕೈಗೇ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಂಚೆಯವನು ಅದನ್ನು ಪಕ್ಕದ ಮನೆಯ ನಿವೃತ್ತ ಗುಮಾಸ್ತರಿಗೆ ಕೊಟ್ಟುಹೋದ. ದೇವರು ಎಲ್ಲರಿಗೂ ಎರಡು ಕಣ್ಣು ಕೊಟ್ಟಿದ್ದಾನೆ. ಗುಮಾಸ್ತರಿಗೆ ಮಾತ್ರ, ಯಾವ ಜನ್ಮದ ಪುಣ್ಯವೋ, ಅಂಟಿಸಿದ ಲಕೋಟೆಯೊಳಕ್ಕೂ ತೂರುವ ಮೂರನೆಯದೊಂದನ್ನು ದಯಪಾಲಿಸಿದ್ದ. ಎರಡು ದಿನ ಕಾಗದ ಅವರ ಮೇಜಿನ ಮೇಲೆಯೇ ಬಾಳೆಗೊನೆಯಂತೆ ಮಾಗಿತು. ಮೂರನೆಯ ದಿನ ಬೆಳಗ್ಗೆ ಅವರು ಅದನ್ನು ಹಿಡಿದು ಪಕ್ಕದ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿದರು.

ಸ್ಟುಡಿಯೋದವನನ್ನು ಬೀದಿಯಲ್ಲಿ ಹೆಸರು ಹಿಡಿದು ಕರೆಯುವವರಿಲ್ಲ. ಹದಿನೈದು ವರ್ಷದಿಂದ ಜನರನ್ನು ಸ್ಟೂಲಿನ ಮೇಲೆ ಕೂರಿಸಿ "ಗದ್ದ ಸ್ವಲ್ಪ ಮೇಲೆ" ಎಂದು ಹೇಳಿ ಹೇಳಿ, 'ಗದ್ದಮೇಲೆ' ಎಂಬುದೇ ಅವನ ಹೆಸರಾಗಿ ಅಂಟಿಕೊಂಡಿತ್ತು. ಅವನು ತೆಗೆದ ಫೋಟೋವನ್ನು ಅರ್ಜಿಗೆ ಹಚ್ಚಿಕೊಂಡು ಎಷ್ಟೋ ಮಂದಿ ಸಮುದ್ರ ದಾಟಿದ್ದರು. ಮದುವೆಯಾದ ನಾಲ್ಕನೆಯ ತಿಂಗಳಿಗೆ ಅವನ ಹೆಂಡತಿಯೂ ದಾಟಿದ್ದಳು, ಅಲ್ಲಿಯ ಬೇಕರಿಯೊಂದರ ಕೆಲಸಕ್ಕೆ. ಗಂಡನ ವೀಸಾಕ್ಕೆ ಆರು ತಿಂಗಳು ಸಾಕೆಂದು ಕಚೇರಿ ಹೇಳಿತ್ತು. ಕಚೇರಿಯ ತಿಂಗಳು ಬೇರೆ, ಮನುಷ್ಯರ ತಿಂಗಳು ಬೇರೆ. ಎರಡೂವರೆ ವರ್ಷ ಸರಿದಿತ್ತು. ಎರಡು ದಿಂಬು ಕೊಂಡಿಟ್ಟಿದ್ದೇನೆ, ಒಂದರ ಧೂಳು ಕೊಡವುವುದೇ ನನಗೆ ಭಾನುವಾರದ ಕೆಲಸವೆಂದು ಅವಳು ಮೊನ್ನೆ ಫೋನಿನಲ್ಲಿ ಹೇಳಿದ್ದಳು.

"ನಿನ್ನ ವೀಸಾ ಅರ್ಜಿಯ ಏಳನೇ ದಾಖಲೆ ಸರಿಯಿಲ್ಲವಂತೆ ಕಣಪ್ಪ," ಎಂದರು ಗುಮಾಸ್ತರು. "ಇವತ್ತು ನಾಲ್ಕು ಗಂಟೆಯೊಳಗೆ ಕೊಡಬೇಕು. ಇಲ್ಲದಿದ್ರೆ ಫೈಲು ಮುಚ್ಚಿ ನಿನ್ನನ್ನ ಮತ್ತೆ ಸಾಲಿನ ಕೊನೆಗೆ ಹಾಕ್ತಾರೆ."

"ಏಳನೇದು ಅಂದ್ರೆ ಯಾವುದು ಸಾರ್?"

ಆ ಪ್ರಶ್ನೆಗೆಂದೇ ಕಾದಿದ್ದವರಂತೆ ಅವರು ಪ್ಲಾಸ್ಟಿಕ್ ಹೊದಿಸಿದ ಪಟ್ಟಿಯೊಂದನ್ನು ತೆಗೆದರು. ಎಂದೋ ಕಚೇರಿಯಿಂದ ತಂದದ್ದು. ಬೀದಿಯವರ ಅರ್ಜಿಗಳನ್ನೆಲ್ಲ ಅದನ್ನೇ ನೋಡಿ ತುಂಬುತ್ತಿದ್ದರು. ಅದರಲ್ಲಿ ಏಳನೆಯದು, ಗಂಡಹೆಂಡತಿ ಒಟ್ಟಿಗಿರುವ ಮದುವೆಯ ಫೋಟೋ.

ಗದ್ದಮೇಲೆ ಆ ಸಾಲನ್ನು ಎರಡು ಸಲ ಓದಿದ. ಅವನ ಮದುವೆಯ ಆಲ್ಬಮ್ಮಿನಲ್ಲಿ ನಾನೂರ ಹನ್ನೆರಡು ಫೋಟೋಗಳಿದ್ದವು. ಒಂದರಲ್ಲೂ ಅವನಿರಲಿಲ್ಲ. ಗೊತ್ತುಮಾಡಿದ್ದ ಫೋಟೋದವನು ಕ್ಯಾಮೆರಾ ಹಿಡಿದ ರೀತಿ ಸರಿಬಾರದೆ ಮದುಮಗನೇ ಅದನ್ನು ಕಸಿದುಕೊಂಡಿದ್ದ. ಆಮೇಲೆ ಸಂಜೆಯವರೆಗೆ ಇಳಿಸಲೇ ಇಲ್ಲ. ಹೆಂಡತಿ ನಕ್ಕದ್ದು, ಬೆವರು ಒರೆಸಿಕೊಂಡದ್ದು, ಬೇಸತ್ತು ಆಕಳಿಸಿದ್ದು ಎಲ್ಲವೂ ಇತ್ತು. ಆ ಇಡೀ ಆಲ್ಬಮ್ಮನ್ನೇ ಅವನು ಅರ್ಜಿಯ ಜೊತೆ ಕೊಟ್ಟಿದ್ದ.

ಕಚೇರಿಗೆ ಫೋನು ಮಾಡಿದ. ಕಾಯಿರಿ ಎಂದು ಮುಕ್ಕಾಲು ಗಂಟೆ ಪಿಟೀಲು ಕೇಳಿಸಿ ಅದು ತಾನಾಗಿ ಕಡಿದುಹೋಯಿತು.

ಅಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿ, ತಂತಮ್ಮ ಫೋನುಗಳಲ್ಲಿದ್ದ ಆ ಮದುವೆಯ ಚಿತ್ರಗಳನ್ನು ಹಿಡಿದು ಜನ ಬಂದರು. ನೆರವಾಗಲು ಬಂದವರು ಅರ್ಧ, ಕಾಫಿಗೆ ಬಂದವರು ಅರ್ಧ. ಹುಡುಕಿದ್ದಕ್ಕೆ ಮೋಸವಿಲ್ಲ, ಎರಡು ಸಿಕ್ಕವು. ಒಂದರಲ್ಲಿ ಮದುಮಗಳ ಗದ್ದ ಎತ್ತುತ್ತಿರುವ ಅವನ ಎರಡು ಬೆರಳು. ಇನ್ನೊಂದರಲ್ಲಿ, ಹಿಂದಿನ ಕನ್ನಡಿಯಲ್ಲಿ, ಮುಖದ ಜಾಗದಲ್ಲಿ ಕ್ಯಾಮೆರಾ ಬೆಳೆದಿದ್ದ ಒಬ್ಬ ಮನುಷ್ಯ.

ದಾರಿ ತೋರಿಸಿದವಳು ಅವನ ಅಕ್ಕ. "ಊರವರ ಸತ್ತ ಅಜ್ಜಂದಿರನ್ನೆಲ್ಲ ಮೊಮ್ಮಕ್ಕಳ ಪಕ್ಕದಲ್ಲಿ ತಂದು ಕೂರಿಸ್ತೀಯ. ಬದುಕಿರೋ ನಿನ್ನ ಕೂರಿಸ್ಕೊಳ್ಳೋಕೆ ಏನೋ ಕಷ್ಟ?"

"ಅದು ಸುಳ್ಳಾಗುತ್ತೆ ಅಕ್ಕಾ."

"ಮದುವೆ ಸುಳ್ಳೇನೋ? ಫೋಟೋ ತಾನೆ."

ನೋಡಿ, ಒಬ್ಬ ಮನುಷ್ಯ ಕೆಡುವುದಕ್ಕೆ ಇಷ್ಟೇ ಸಾಕು. ದೇವರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು ಅವನು ಕಂಪ್ಯೂಟರಿನ ಮುಂದೆ ಕೂತ. ಹಳೆಯ ಚಿತ್ರಗಳ ನಡುವೆ, ಆಲ್ಬಮ್ಮಿಗೆ ಸೇರದೆ ಉಳಿದಿದ್ದ ಒಂದು ಸಿಕ್ಕಿತು. ಬೆಳಕು ಸರಿಯಿದೆಯೇ ಎಂದು ನೋಡಲು ಮದುಮಗನ ಕುರ್ಚಿಯಲ್ಲಿ ಆ ದಿನ ಗುಮಾಸ್ತರನ್ನು ಕೂರಿಸಿ ತೆಗೆದದ್ದು. ಬೆಳಕು ಸರಿಯಿತ್ತು, ಹೆಂಡತಿ ನಗುತ್ತಿದ್ದಳು, ತಲೆ ಮಾತ್ರ ತಪ್ಪಾಗಿತ್ತು.

ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅವನು ಸ್ಟೂಲಿನ ಮೇಲೆ ಕೂತ; ಅಕ್ಕ ಕ್ಯಾಮೆರಾ ಒತ್ತಿದಳು. ಎರಡೂ ಕಿವಿ ಕಾಣುವ, ಕಣ್ಣು ನೇರವಾಗಿರುವ ಲಕ್ಷಣವಾದ ಚಿತ್ರ. ಅಳತೆಗೆಂದು ಒಂದು ಪ್ರತಿ ತೆಗೆದು ನೋಡಿ, ಹರಿದು ಬುಟ್ಟಿಗೆ ಎಸೆದ. ಮತ್ತೆ ಕಂಪ್ಯೂಟರಿನಲ್ಲಿ ಆ ತಲೆಯನ್ನು ಕತ್ತರಿಸಿ ಗುಮಾಸ್ತರ ಕುತ್ತಿಗೆಯ ಮೇಲಿಟ್ಟ.

"ನನ್ನ ತಲೆ ಎಲ್ಲಿ ಹೋಯ್ತು?" ಎಂದು ಗುಮಾಸ್ತರು ಹಿಂದಿನಿಂದ ಕೇಳಿದರು.

"ಸಾರ್, ಇದು ನನ್ನ ಮದುವೆ."

"ಅದು ಸರಿ. ಆದ್ರೆ ಆ ಫೋಟೋದಲ್ಲಿ ನಾನು ಬಹಳ ಚೆನ್ನಾಗಿ ಬಂದಿದ್ದೆ."

ಚಿತ್ರದಲ್ಲಿ ಉಳಿದಿದ್ದ ಗುಮಾಸ್ತರ ಹೊಟ್ಟೆಯನ್ನು ಅರ್ಧಕ್ಕೆ ಇಳಿಸುವಷ್ಟರಲ್ಲಿ ಮೂರು ಗಂಟೆ ಹೊಡೆಯಿತು. ಚಿತ್ರವನ್ನು ಲಕೋಟೆಗೆ ಹಾಕಿ ಅವನು ಅಂಗಿ ಬದಲಿಸಲು ಒಳಗೆ ಹೋದ. ಕಚೇರಿಗಳ ರೀತಿನೀತಿ ನನಗೆ ಗೊತ್ತೆಂದು ಗುಮಾಸ್ತರೂ ಜೊತೆಗೆ ಹೊರಟರು, ಲಕೋಟೆಯನ್ನು ತಾವೇ ಕಂಕುಳಲ್ಲಿ ಹಿಡಿದುಕೊಂಡು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಉಳಿದ ದಾರಿಯನ್ನು ಗದ್ದಮೇಲೆ ಓಡಿದ. ತಾವೂ ಓಡಿದ್ದಾಗಿ ಗುಮಾಸ್ತರು ಆಮೇಲೆ ಹೇಳಿಕೊಂಡರು.

ನಾಲ್ಕಕ್ಕೆ ಆರು ನಿಮಿಷವಿದ್ದಾಗ ಗಾಜಿನ ಕಿಟಕಿಯ ಹಿಂದೆ ಕೂತಿದ್ದ ಅಧಿಕಾರಿಣಿ ಲಕೋಟೆ ಬಿಚ್ಚಿದರು. ಒಂದಲ್ಲ, ಎರಡು ಫೋಟೋ ಹೊರಬಂದವು. ಅದೇ ಕುರ್ಚಿ, ಅದೇ ಬೆಳಕು, ಅದೇ ಹೆಂಡತಿ, ಅದೇ ನಗು. ತಲೆ ಮಾತ್ರ ಬೇರೆ ಬೇರೆ.

ಗದ್ದಮೇಲೆ ಮೆಲ್ಲನೆ ಪಕ್ಕಕ್ಕೆ ತಿರುಗಿದ. "ಮನೇಲಿ ಚೌಕಟ್ಟು ಹಾಕಿಸಿಟ್ಟಿದ್ದ ಪ್ರತಿ," ಎಂದರು ಗುಮಾಸ್ತರು. "ಒಂದೇ ಒಂದು ಕೊಟ್ರೆ ಫೈಲಿಗೆ ತೂಕ ಇರೋದಿಲ್ಲ ಅಂತ ಸೇರಿಸಿದೆ."

ಅಧಿಕಾರಿಣಿ ಇಬ್ಬರ ಮುಖವನ್ನೂ ಚಿತ್ರಗಳೊಂದಿಗೆ ತಾಳೆ ನೋಡಿದರು. "ಇದನ್ನೆಲ್ಲ ಯಾರು ಕೇಳಿದ್ರು?"

"ಏಳನೇ ದಾಖಲೆ ಮೇಡಂ. ಒಟ್ಟಿಗಿರೋ ಫೋಟೋ."

"ಅದು ಹಳೇ ಪಟ್ಟಿ. ಬದಲಾಗಿ ವರ್ಷವಾಯ್ತು. ಈಗ ಏಳನೇದು ನಿಮ್ಮ ಪಾಸ್‌ಪೋರ್ಟ್ ಸೈಜ್ ಫೋಟೋ. ಆರು ತಿಂಗಳಿಗಿಂತ ಹಳೇದು ನಡೆಯೋದಿಲ್ಲ. ನೀವು ಕೊಟ್ಟಿದ್ದು ನಮ್ಮಲ್ಲೇ ಕೂತು ಹಳೇದಾಯ್ತು, ಅದಕ್ಕೆ ಹೊಸದು ಕೇಳಿದ್ವಿ."

ಬುಟ್ಟಿಯಲ್ಲಿ ಹರಿದು ಬಿದ್ದಿದ್ದ ತನ್ನ ಎರಡು ಕಿವಿಗಳು ಅವನ ಕಣ್ಣಮುಂದೆ ಬಂದವು. "ಹಾಗಾದ್ರೆ ಮದುವೆಗೆ ಸಾಕ್ಷಿ?" ಎಂದ.

"ಅದನ್ನ ನಿಮ್ಮ ಆಲ್ಬಮ್ ನೋಡಿ ಹೋದ ತಿಂಗಳೇ ಒಪ್ಪಿ ಸಹಿ ಹಾಕಿದ್ದೆ. ಒಬ್ಬ ಹೆಂಗಸು ಆಕಳಿಸೋದನ್ನ ಹದಿನಾಲ್ಕು ಸಲ ತೆಗೆಯೋನು ಗಂಡನಲ್ಲದೆ ಇನ್ಯಾರಾಗಿರ್ತಾನೆ ಅಂತ." ಎರಡು ಫೋಟೋಗಳನ್ನೂ ಫೈಲಿಗೆ ಸೇರಿಸಿ, ಆ ಹಳೆಯ ಸಹಿಯ ಮೇಲೆ ಅಡ್ಡಗೀಟು ಎಳೆದರು. "ಈಗ ಗಂಡ ಯಾರು ಅನ್ನೋದೇ ಸಂಶಯ. ಇಬ್ಬರನ್ನೂ ವಿಚಾರಣೆ ಮಾಡಬೇಕು."

ಗಡಿಯಾರ ನಾಲ್ಕು ಹೊಡೆಯಿತು. ಯಂತ್ರ ಎರಡು ಚೀಟಿಗಳನ್ನು ಉಗುಳಿತು. ಅರವತ್ತು ದಾಟಿದವರ ಸಾಲು ಚಿಕ್ಕದಾದ್ದರಿಂದ ಗುಮಾಸ್ತರಿಗೆ ಮುಂದಿನ ಸೋಮವಾರ. ಗದ್ದಮೇಲೆಗೆ ಇನ್ನು ಹತ್ತೊಂಬತ್ತು ತಿಂಗಳಿಗೆ.

ಮೆಟ್ಟಿಲಿಳಿಯುವಾಗ ಗುಮಾಸ್ತರು ಚೀಟಿಯ ಹಿಂಬದಿಯನ್ನೂ ಬಿಡದೆ ಓದಿದರು. ಓದಿ ಅವನ ತೋಳು ಮುಟ್ಟಿದರು. "ಬರೋವಾಗ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ತರಬೇಕಂತಪ್ಪ. ಹೊಸದು."

ಅವನು ಅವರ ಕಡೆ ತಿರುಗಿದ. ಕೈಯಂತೂ ಮೇಲೆದ್ದಿತು. ಹದಿನೈದು ವರ್ಷದ ಅಭ್ಯಾಸ ಕೆಟ್ಟದ್ದು. ಎರಡು ಬೆರಳು ತಾವಾಗಿ ಗುಮಾಸ್ತರ ಗದ್ದವನ್ನು ಸ್ವಲ್ಪ ಮೇಲೆತ್ತಿದವು.